ಒಂದು ಬಕೆಟ್ ತಣ್ಣೀರು

ನಮ್ಮ ಮನೆಯ ತಾರಸಿ ಮೇಲೆ ಇನ್ನೂರು ಲೀಟರಿನ ಸೋಲಾರ್ ಟ್ಯಾಂಕ್ ಇದೆ. ಅದರ ತುಂಬ ಕೈ ಸುಡುವಷ್ಟು ಬಿಸಿನೀರಿದೆ. ಮೂರು ಮಹಡಿ ಕೆಳಗೆ ಬಚ್ಚಲಲ್ಲಿ ನಾನು ನಲ್ಲಿ ತಿರುಗಿಸಿ, ಅದರಡಿ ಕೈ ಒಡ್ಡಿ ನಿಂತಿದ್ದೇನೆ. ಬರುತ್ತಿರುವುದು ತಣ್ಣೀರು. ಎಣಿಸುತ್ತೇನೆ, ಹತ್ತು, ಇಪ್ಪತ್ತು, ಅರವತ್ತು. ಇನ್ನೂ ತಣ್ಣೀರೇ. ಆಮೇಲೆ ಒಂದು ಕ್ಷಣ ಉಗುರುಬೆಚ್ಚಗಾಗಿ, ನೋಡನೋಡುತ್ತ ಸುಡುನೀರು. ಮನೆ ಕಟ್ಟಿದ್ದು 2011ರಲ್ಲಿ. ಅವತ್ತಿನಿಂದ ದಿನಾ ಬೆಳಗ್ಗೆ ಇದೇ ಕತೆ. ಇದನ್ನು ನಾನು ಯಾವತ್ತೂ ತೊಂದರೆ ಅಂತ ಅಂದುಕೊಂಡಿರಲೇ ಇಲ್ಲ. ಸೋಲಾರ್ ಅಂದರೆ ಹಾಗೇ, ಸ್ವಲ್ಪ ಕಾಯಬೇಕು, ಅಷ್ಟೇ ಅಲ್ವಾ?

2024ರ ಮಾರ್ಚ್‌ನಲ್ಲಿ ಅದು ಚುಚ್ಚತೊಡಗಿತು. ಆ ಬೇಸಿಗೆ ಹೇಗಿತ್ತು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಿರಿನಗರದ ನಮ್ಮ ಬೀದಿಯಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿತು. ನಾವೂ ಕಾರು ತೊಳೆಯುವುದು ಬಿಟ್ಟೆವು. ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕಿದೆವು. ಬೆಳಗ್ಗೆ ಎದ್ದು ಮಾತ್ರ, ಬಿಸಿನೀರು ಬರಲಿ ಅಂತ, ಚೊಕ್ಕ ಕಾವೇರಿ ನೀರನ್ನು ಒಂದು ನಿಮಿಷ ಸುಮ್ನೆ ಮೋರಿಗೆ ಬಿಡುತ್ತಿದ್ದೆ. ಒಂದು ದಿನ ಹಾಗೆ ನಿಂತಿದ್ದಾಗ ಆ ನೀರಿನ ಸದ್ದು ಕಿವಿಗೆ ಬಿತ್ತು. ಅವತ್ತಿನಿಂದ ಸಮಾಧಾನ ಇಲ್ಲ.

ನಾನು ಇಂಜಿನಿಯರ್ ಅಲ್ಲ. ಆದರೆ ಲೆಕ್ಕ ಅಂದರೆ ಇಷ್ಟ. ಒಂದು ಭಾನುವಾರ ಇಪ್ಪತ್ತು ಲೀಟರಿನ ಬಕೆಟ್ ತಗೊಂಡು, ಲೀಟರ್ ಬಾಟಲಿಯಲ್ಲಿ ಅಳೆದು ಅಳೆದು ನೀರು ಹುಯ್ದು, ಒಂದೊಂದು ಲೀಟರಿಗೂ ಪೆನ್ಸಿಲ್ ಗೆರೆ ಹಾಕಿದೆ. ಅಡುಗೆಮನೆಯಲ್ಲಿ ಪಾಕ ನೋಡಲು ತಂದಿಟ್ಟಿದ್ದ ಥರ್ಮಾಮೀಟರ್ ಕೈಯಲ್ಲಿ ಹಿಡಿದು ಬಚ್ಚಲಿಗೆ ಹೋದೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮ, ಏನು ಮಾಡ್ತಿದೀಯ?" ಅಂದಳು. "ಸ್ನಾನ" ಅಂದೆ. ನಲ್ಲಿ ಬಿಟ್ಟಾಗ 23 ಡಿಗ್ರಿ. ಎಂಟನೇ ಲೀಟರಿಗೂ 23. ಹನ್ನೊಂದಕ್ಕೆ 27. ಹದಿನಾಲ್ಕನೇ ಲೀಟರಿಗೆ 40 ದಾಟಿತು. ಹದಿನೈದು, ಹದಿನಾರರ ಹೊತ್ತಿಗೆ 55. ಹದಿನಾಲ್ಕರ ಗೆರೆಯ ಮೇಲೆ ಮಗಳ ಕೆಂಪು ನೇಲ್‌ಪಾಲಿಶ್‌ನಲ್ಲಿ ದಪ್ಪಗೆ ಒಂದು ಗುರುತು ಹಾಕಿದೆ. ಬಾಟಲಿ ಮುಚ್ಚಳ ಸರಿಯಾಗಿ ಹಾಕಲಿಲ್ಲ ಅಂತ ಅವಳು ಇವತ್ತಿಗೂ ಆಡುತ್ತಾಳೆ.

ಪೈಪಿನೊಳಗೆ ಎಷ್ಟು ನೀರು?

ತಾರಸಿಗೆ ಹೋಗಿ ಟೇಪು ಹಿಡಿದು ಪೈಪಿನ ದಾರಿ ಅಳೆದೆ. ಟ್ಯಾಂಕಿನಿಂದ ಹೊರಟ ಪೈಪು ನೇರ ಕೆಳಗೆ ಇಳಿಯುವುದು ಬಿಟ್ಟು, ಮೊದಲು ಪ್ಯಾರಪೆಟ್ ಗೋಡೆಯ ಗುಂಟ ಒಂದು ಪ್ರದಕ್ಷಿಣೆ ಹಾಕುತ್ತದೆ. ಆಮೇಲೆ ಮನೆಯ ಹಿಂಭಾಗಕ್ಕೆ ಬಂದು ಮೂರು ಮಹಡಿ ಇಳಿದು, ಗೋಡೆಯೊಳಗೆ ನುಗ್ಗಿ, ಬಚ್ಚಲ ನಲ್ಲಿಗೆ ಸೇರುತ್ತದೆ. ಒಟ್ಟು 24 ಮೀಟರ್. ಪೈಪು ಒಂದಿಂಚಿನದು. ಬಿಸಿನೀರಿಗೆ ಹಾಕುವ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನ ಒಂದಿಂಚಿನ ಪೈಪಿನ ಒಳಗಿನ ಅಗಲ 23 ಮಿಲಿಮೀಟರ್‌ಗೆ ಒಂದು ಚೂರು ಜಾಸ್ತಿ. ಅಂದರೆ ಮೀಟರಿಗೆ ಸುಮಾರು 430 ಮಿಲಿಲೀಟರ್ ನೀರು ಹಿಡಿಯುತ್ತದೆ. 24 ಮೀಟರಿಗೆ ಹತ್ತು ಲೀಟರ್ ಮೇಲೆ ಸ್ವಲ್ಪ. ಹತ್ತು ಲೀಟರಿನ ಪೈಪಿಗೆ ಹದಿನಾಲ್ಕು ಲೀಟರ್ ಯಾಕೆ ಹೋಗುತ್ತೆ ಅಂದರೆ, ಬಿಸಿನೀರು ದಾರಿಯಲ್ಲಿ ತಣ್ಣಗೆ ಮಲಗಿರುವ ಪೈಪನ್ನೂ ಬಿಸಿ ಮಾಡಿಕೊಂಡು ಬರಬೇಕು. ಮುಂದಿರುವ ತಣ್ಣೀರಿನ ಜೊತೆ ಬೆರೆಯುತ್ತಲೂ ಬರುತ್ತದೆ.

ನೀರಿನ ಲೆಕ್ಕ ಕಣ್ಣಿಗೆ ಕಾಣುತ್ತದೆ. ಮೂವರು ಶವರ್‌ನಲ್ಲಿ ಸ್ನಾನ ಮಾಡುವವರು, ತಲೆಗೆ ಹದಿನಾಲ್ಕು ಲೀಟರ್. ವರ್ಷಕ್ಕೆ ಹದಿನೈದು ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಎರಡೂವರೆ. ಕಣ್ಣಿಗೆ ಕಾಣದ್ದು ಇನ್ನೊಂದಿದೆ. ನಾನು ಸ್ನಾನ ಮುಗಿಸಿ ನಲ್ಲಿ ನಿಲ್ಲಿಸಿದಾಗ ಪೈಪಿನ ತುಂಬ ಹತ್ತು ಲೀಟರ್ ಬಿಸಿನೀರು ಉಳಿದಿರುತ್ತದೆ. ಬಿಸಿಲಿಲ್ಲದ ಹಿಂಭಾಗದ ಗೋಡೆಗೆ ಆತುಕೊಂಡು ಅದು ಮೆಲ್ಲಗೆ ಆರುತ್ತದೆ. ಯಾರಿಗೂ ಸಿಗದ ಬಿಸಿನೀರು ಅದು. ಒಂದು ಗಂಟೆ ಬಿಟ್ಟು ಇವರು ಸ್ನಾನಕ್ಕೆ ಹೋದರೆ, ಮತ್ತೆ ಮೊದಲಿನಿಂದ ಹದಿನಾಲ್ಕು ಲೀಟರ್.

ಒಂದು ಯೂನಿಟ್ ಕರೆಂಟು ಅಂದರೆ 860 ಕಿಲೋಕ್ಯಾಲೊರಿ. ಹತ್ತು ಲೀಟರ್ ನೀರು 55ರಿಂದ 23ಕ್ಕೆ ಆರಿದರೆ ಮುನ್ನೂರ ಇಪ್ಪತ್ತು ಕಿಲೋಕ್ಯಾಲೊರಿ ಹೋಯಿತು. ಯೂನಿಟ್ಟಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ. ನಾಲ್ಕು ಜನ ನಾಲ್ಕು ಹೊತ್ತಿಗೆ ಸ್ನಾನ ಮಾಡಿದರೆ ದಿನಕ್ಕೆ ಹತ್ತಿರಹತ್ತಿರ ಒಂದೂವರೆ ಯೂನಿಟ್ ಬಿಸಿ, ಗೋಡೆಗೆ.

ಸೂರ್ಯ ಪುಕ್ಕಟೆ ಕೊಡುತ್ತಾನಲ್ಲ, ಹೋದರೆ ಹೋಗಲಿ ಅಂತ ಇವರು ಅಂದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಬಿಸಿ ಅನ್ನುವುದು ಎಷ್ಟು ದುಬಾರಿ ಅಂತ ಒಂದು ಲೆಕ್ಕ ಹಾಕಿದ ಮೇಲೆ ಆ ಮಾತು ಹೇಳಲು ಬಾಯಿ ಬರುತ್ತಿಲ್ಲ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದಾರಿ ಸವೆಸಿ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ ಪಂಪ್ ಆಗಿ, ಸುಮಾರು ಐನೂರು ಮೀಟರ್ ಮೇಲೇರಿ ಬೆಂಗಳೂರಿಗೆ ಬರುತ್ತದೆ. ಇದಕ್ಕೆ ಎಷ್ಟು ಕರೆಂಟು ಬೇಕು ಅಂತ ನಾವೆಲ್ಲ ಬಾಯಿಬಾಯಿ ಬಡಿದುಕೊಳ್ಳುತ್ತೇವೆ. ಸರಿಯೇ. ಆದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಕ್ತಿಯಲ್ಲಿ ಅದೇ ಲೀಟರನ್ನು 427 ಮೀಟರ್ ಮೇಲೆತ್ತಬಹುದು. ಪಂಪಿನಲ್ಲಿ, ಪೈಪಿನಲ್ಲಿ ಆಗುವ ನಷ್ಟ ಬಿಟ್ಟು ನೋಡಿದರೆ, ಕಾವೇರಿಯಿಂದ ಗಿರಿನಗರದವರೆಗಿನ ಆ ಇಡೀ ಬೆಟ್ಟ ಹತ್ತುವ ಶ್ರಮ, ಆ ನೀರನ್ನು ಒಂದು ಡಿಗ್ರಿಗಿಂತ ಒಂದು ಚೂರು ಜಾಸ್ತಿ ಬಿಸಿ ಮಾಡಿದ್ದಕ್ಕೆ ಸಮ. ಬಚ್ಚಲಲ್ಲಿ ನಾವು ಅದನ್ನು ಮೂವತ್ತು ಡಿಗ್ರಿ ಬಿಸಿ ಮಾಡುತ್ತೇವೆ. ಮಾಡಿ, ಪೈಪಿನಲ್ಲಿ ಬಿಟ್ಟು ಬರುತ್ತೇವೆ.

ಅಜ್ಜಿಯ ಹಂಡೆ

ಈ ಲೆಕ್ಕ ಹಾಕುತ್ತ ಕೂತಾಗೆಲ್ಲ ನನಗೆ ತುರುವೇಕೆರೆ ಹತ್ತಿರದ ನಮ್ಮ ಅಜ್ಜಿ ಮನೆಯ ಬಚ್ಚಲು ನೆನಪಾಗುತ್ತದೆ. ಒಳಗೆ ಕತ್ತಲೆ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿಯುವ ಬಿಸಿಲುಕೋಲಿನಲ್ಲಿ ಹೊಗೆ ಸುರುಳಿ ಸುತ್ತುತ್ತಿತ್ತು. ಮೂಲೆಯಲ್ಲಿ ಮಣ್ಣಿನ ಒಲೆ. ಅದರೊಳಗೆ ಕತ್ತಿನವರೆಗೆ ಹೂತುಕೊಂಡ ತಾಮ್ರದ ಹಂಡೆ. ಹೊರಗೆ ಕಾಣುತ್ತಿದ್ದದ್ದು ಅದರ ಬಾಯಿ ಮಾತ್ರ, ಅದರ ಮೇಲೊಂದು ತಟ್ಟೆ. ಪಕ್ಕದಲ್ಲೇ ತಣ್ಣೀರಿನ ಕಲ್ಲುತೊಟ್ಟಿ. ಅದು ತೆಂಗಿನ ಸೀಮೆ, ಉರುವಲಿಗೆ ಬರವಿಲ್ಲ. ಎಡೆಮಟ್ಟೆ, ಗರಿ, ಕರಟ, ಏನು ಸಿಕ್ಕಿದರೂ ಒಲೆಗೆ. ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬಕ್ಕೆ ಮಾತ್ರ ಆ ಹಂಡೆಯ ಬಾಯಿಗೆ ಹುಣಸೆಹಣ್ಣು ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಮಾಲಿಂಗನ ಬಳ್ಳಿ ಸುತ್ತುತ್ತಿದ್ದರು. ಉಳಿದ ದಿನ ಅದು ಕರ್ರಗೆ, ತನ್ನ ಪಾಡಿಗೆ ತಾನು ಕಾಯುತ್ತ ಇರುತ್ತಿತ್ತು.

ಅಜ್ಜಿಗೆ ಎರಡು ಕಾನೂನು ಇದ್ದವು. ಒಂದು, ತೋಡಿಕೊಂಡಷ್ಟು ತುಂಬಬೇಕು. ಹಂಡೆಯಿಂದ ಎಷ್ಟು ಬಿಸಿನೀರು ತೆಗೆದೆಯೋ ಅಷ್ಟು ತಣ್ಣೀರು ಹಾಕಿ ಹೊರಗೆ ಬಾ. ಇನ್ನೊಂದು, ಹಂಡೆ ಕಾದ ಮೇಲೆ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಬೇಕು. ರಜೆಗೆ ಸೇರಿದ ಒಂಬತ್ತು ಮೊಮ್ಮಕ್ಕಳು ಟವೆಲ್ ಸುತ್ತಿಕೊಂಡು ಹಿತ್ತಲಲ್ಲಿ ಸಾಲು ನಿಲ್ಲುತ್ತಿದ್ದೆವು. ಯಾರಾದರೂ "ಆಮೇಲೆ ಮಾಡ್ತೀನಿ ಅಜ್ಜಿ" ಅಂದರೆ, "ಆಮೇಲೆ ನಿಮ್ಮಪ್ಪ ಬಂದು ಒಲೆ ಊದ್ತಾನಾ?" ಅನ್ನುತ್ತಿದ್ದಳು. ಊದುಗೊಳವೆ ಅವಳ ಕೈಯಲ್ಲೇ ಇರುತ್ತಿತ್ತು, ಹಾಗಾಗಿ ಯಾರೂ ವಾದ ಮಾಡುತ್ತಿರಲಿಲ್ಲ. ಒಂದು ಸಲ ನಾನು ತಣ್ಣೀರು ತುಂಬದೆ ಓಡಿಬಂದೆ. ನನ್ನ ಹಿಂದೆ ಹೋದ ಚಿಕ್ಕಪ್ಪನ ಮಗ ಹಂಡೆ ತಳದಲ್ಲಿ ಉಳಿದಿದ್ದ ಕುದಿನೀರು ತೋಡಿ ಮೊಣಕಾಲಿಗೆ ಹುಯ್ದುಕೊಂಡ. ಅವನ ಕೂಗು, ಅಜ್ಜಿ ತಿರುಗಿ ನನ್ನನ್ನು ನೋಡಿದ ನೋಟ, ಎರಡೂ ನೆನಪಿವೆ.

ಹಳೆಯದೆಲ್ಲ ಒಳ್ಳೆಯದು ಅಂತ ಹೇಳುವ ಚಟ ನನಗಿಲ್ಲ. ಆ ಒಲೆ ಉರುವಲನ್ನು ನುಂಗುತ್ತಿತ್ತು. ಬೆಂಕಿಯ ಬಹುಪಾಲು ಬಿಸಿ ಹೊಗೆಯ ಜೊತೆ ಮಾಡಿಗೆ ಹೋಗುತ್ತಿತ್ತು. ಅಜ್ಜಿಯ ಕಣ್ಣು ಸದಾ ಕೆಂಪು. ಆದರೆ ಬಿಸಿ ಒಂದು ಸಲ ನೀರಿಗೆ ಇಳಿದ ಮೇಲೆ ಅದು ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಸುತ್ತ ಒಂದಡಿ ದಪ್ಪ ಮಣ್ಣು. ಮೇಲೆ ತಟ್ಟೆ. ಹಂಡೆಯಿಂದ ಮೈಗೆ ಒಂದು ತಂಬಿಗೆಯಷ್ಟು ದೂರ. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟರೆ, ಬೆಳಗ್ಗೆ ಮುಖ ತೊಳೆಯುವಾಗಲೂ ನೀರು ಬೆಚ್ಚಗೇ ಇರುತ್ತಿತ್ತು. ನನ್ನ ಸೋಲಾರ್ ಟ್ಯಾಂಕಿನಲ್ಲೂ ಮಣ್ಣಿನ ಬದಲು ಎರಡಿಂಚಿನ ಫೋಮ್ ಇದೆ, ತೋಡಿದಷ್ಟು ತುಂಬುವ ಕೆಲಸ ತಾನೇ ಮಾಡಿಕೊಳ್ಳುತ್ತೆ. ಹಂಡೆಗಿಂತ ಅದು ಎಷ್ಟೋ ಜಾಣ. ಆದರೆ ಹಂಡೆಯನ್ನು ತೆಗೆದು ತಾರಸಿಗೆ ಇಟ್ಟು, ಮೈಯನ್ನು ನೆಲಮಹಡಿಯಲ್ಲಿ ನಿಲ್ಲಿಸಿ, ನಡುವೆ 24 ಮೀಟರ್ ಪೈಪ್ ಎಳೆದದ್ದು ನಾವು. ಮನೆಯವರೆಲ್ಲ ಒಟ್ಟಿಗೆ ಸ್ನಾನ ಮುಗಿಸುವ ಸಾಲು ಮುರಿದದ್ದೂ ನಾವೇ. ಅತ್ತೆ ಐದೂವರೆಗೆ, ನಾನು ಆರೂವರೆಗೆ, ಇವರು ಎಂಟಕ್ಕೆ, ಮಗಳು ಅವಳಿಗೆ ಮನಸ್ಸು ಬಂದಾಗ.

ಇಷ್ಟಾಗಿ ನಾವು ಇಷ್ಟು ವರ್ಷ ಮಾತಾಡಿದ್ದೆಲ್ಲ ಯಾವ ಕಂಪನಿ, ಎಷ್ಟು ಲೀಟರು, ಟ್ಯೂಬಾ, ತಗಡಿನ ಪ್ಯಾನೆಲ್ಲಾ ಅನ್ನುವುದರ ಬಗ್ಗೆಯೇ. ಹೊಸ ಮನೆಗೆ ಕರೆಂಟು ಬೇಕಾದರೆ ಸೋಲಾರ್ ಹೀಟರ್ ಇರಬೇಕು ಅಂತ ಕರ್ನಾಟಕದಲ್ಲಿ ನಿಯಮ ಬಂದದ್ದು 2007ರಲ್ಲಿ. ನಮ್ಮ ಹಳೆಯ ಕರೆಂಟ್ ಬಿಲ್ಲುಗಳಲ್ಲಿ ಸೋಲಾರ್ ರಿಬೇಟ್ ಅಂತ ಐವತ್ತು ರೂಪಾಯಿ ಕಳೆದಿರುವುದನ್ನು ನೋಡಿ ಹೆಮ್ಮೆ ಪಟ್ಟಿದ್ದೇನೆ. ತಾರಸಿ ಮೇಲೆ ಟ್ಯಾಂಕ್ ಇದೆಯಾ ಅಂತ ಬಂದು ನೋಡಿದರು. ಪೈಪು ಹೇಗೆ ಹೋಗಿದೆ ಅಂತ ನಮ್ಮ ಮನೆಯಲ್ಲಿ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಅತ್ತೆಯ ಬಕೆಟ್

ನನ್ನ ಲೆಕ್ಕವನ್ನೆಲ್ಲ ಒಂದು ಸಂಜೆ ಕಾಫಿ ಹೊತ್ತಲ್ಲಿ ಮನೆಯವರ ಮುಂದೆ ಒಪ್ಪಿಸಿದೆ. ದಿನಕ್ಕೆ ಇಷ್ಟು ಲೀಟರ್ ಮೋರಿಗೆ ಅಂದಾಗ ಅತ್ತೆ ತಲೆ ಎತ್ತಿ, "ನಾನೇನೂ ಚೆಲ್ಲಲ್ಲಪ್ಪ" ಅಂದರು.

"ಇಲ್ಲ ಅತ್ತೆ, ನೀವು ನಲ್ಲಿ ಬಿಟ್ಟಾಗಲೂ ಮೊದಲು ತಣ್ಣೀರೇ ಬರುತ್ತಲ್ಲ."

"ಬರಲಿ ಬಿಡು. ಬಕೆಟ್ಟಿಗೇ ಬರತ್ತೆ. ಆಮೇಲೆ ಬಿಸೀದು ಅದರ ಮೇಲೇ ಬೀಳತ್ತೆ. ಬಕೆಟ್ ತುಂಬೋಷ್ಟರಲ್ಲಿ ಹದ ಆಗಿರತ್ತೆ. ತಣ್ಣೀರಿನ ನಲ್ಲಿ ನಾನು ಮುಟ್ಟೋದೇ ಇಲ್ಲ ಕಣೇ."

ಎರಡು ವಾರ ಥರ್ಮಾಮೀಟರ್ ಹಿಡಿದು ಓಡಾಡಿದ ನಾನು ಬಿಸ್ಕತ್ತು ಕೈಯಲ್ಲಿ ಹಿಡಿದು ಹಾಗೇ ಕೂತೆ. ಅವರ ಬಕೆಟ್ ದೊಡ್ಡದು, ಇಪ್ಪತ್ತೈದು ಲೀಟರಿನದು. ಪೈಪಿನ ತಣ್ಣೀರು ಹದಿಮೂರು ಹದಿನಾಲ್ಕು ಲೀಟರ್, ಮೇಲೆ ಹನ್ನೊಂದು ಲೀಟರ್ ಸುಡುನೀರು. ಒಟ್ಟು 37, 38 ಡಿಗ್ರಿ. ಮೈಗೆ ಹದ. ಒಂದು ಹನಿ ಮೋರಿಗಿಲ್ಲ. ನಾನು ತಾರಸಿ ಹತ್ತಿ ಟೇಪು ಹಿಡಿದು ಕಂಡುಕೊಂಡದ್ದನ್ನು ಅವರು ನಲ್ಲಿ ಮುಂದೆ ಕೂತು ಎಂದೋ ಕಂಡುಕೊಂಡಿದ್ದರು. ನನ್ನ ಹಟಕ್ಕೆ ಒಂದು ತಕರಾರು ತೆಗೆದೆ. "ಆದರೂ ಅತ್ತೆ, ನೀವು ನಲ್ಲಿ ನಿಲ್ಲಿಸಿದ ಮೇಲೆ ಪೈಪಲ್ಲಿ ಬಿಸಿನೀರು ಉಳಿಯತ್ತಲ್ಲ." ಅದು ನಿಜವೇ. ಬಕೆಟ್ಟಿನಲ್ಲಿ ಉಳಿಯುವುದು ನೀರು, ಬಿಸಿಯಲ್ಲ. ಅತ್ತೆ, "ಹಾಗಾದ್ರೆ ನೀನು ನನ್ನ ಹಿಂದೇನೇ ಸ್ನಾನಕ್ಕೆ ಹೋಗು" ಅಂದರು. ನಮ್ಮ ಅಜ್ಜಿಯ ಎರಡನೇ ಕಾನೂನು, ಬೇರೆ ಸೀಮೆಯಿಂದ ಬಂದ ಇನ್ನೊಂದು ಬಾಯಲ್ಲಿ.

ಈಗ ಹಾಗೇ ಮಾಡುತ್ತೇನೆ. ಅವರು ಬಾಗಿಲು ತೆಗೆದರೆ ನಾನು ಒಳಗೆ. ನಲ್ಲಿ ತಿರುಗಿಸಿದರೆ ಎರಡೇ ಲೀಟರಿಗೆ ಬಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಿದ್ದೆ ಮುಕ್ಕಾಲು ಗಂಟೆ ಕಮ್ಮಿ, ಅಷ್ಟೇ. ಇವರನ್ನು ಆ ಸಾಲಿಗೆ ಸೇರಿಸಲು ಇನ್ನೂ ಆಗಿಲ್ಲ.

ಇನ್ನೊಂದು ಕಳ್ಳದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಕೈ ತೊಳೆಯುವ ಬೇಸಿನ್ನಿಗೆ ಇರುವುದು ಬಿಸಿನೀರು ತಣ್ಣೀರು ಬೆರೆಸಿ ಕೊಡುವ, ಒಂದೇ ಹಿಡಿಯ ಮಿಕ್ಸರ್ ನಲ್ಲಿ. ಎಲ್ಲರೂ ಅದನ್ನು ನೋಡಲು ಚೆನ್ನಾಗಿರುತ್ತೆ ಅಂತ ನೆಟ್ಟಗೆ ನಡುವೆ ನಿಲ್ಲಿಸುತ್ತೇವೆ. ನಡುವೆ ಇದ್ದರೆ ಅರ್ಧ ತಣ್ಣೀರು, ಅರ್ಧ ಬಿಸಿನೀರಿನ ಪೈಪಿನಿಂದ. ಕೈ ತೊಳೆಯಲು ಹತ್ತು ಸೆಕೆಂಡು. ಅಷ್ಟರಲ್ಲಿ ಬಿಸಿನೀರು ತಾರಸಿಯಿಂದ ಒಂದೆರಡು ಮೀಟರ್ ಇಳಿದಿರುತ್ತದೆ, ಅಲ್ಲೇ ನಿಂತು ಆರುತ್ತದೆ. ಕೈಗೆ ಬಿಸಿ ಬರುವುದೇ ಇಲ್ಲ, ಟ್ಯಾಂಕಿನ ಬಿಸಿ ಮಾತ್ರ ದಿನವಿಡೀ ಗುಟುಕು ಗುಟುಕಾಗಿ ಪೈಪಿಗೆ ಇಳಿಯುತ್ತಿರುತ್ತದೆ. ಈಗ ಹಿಡಿಯನ್ನು ಬಲಕ್ಕೆ, ತಣ್ಣೀರಿನ ಕಡೆಗೆ, ತಳ್ಳಿ ಇಡುತ್ತೇವೆ. ಕೆಲಸಕ್ಕೆ ಬರುವ ಅಕ್ಕ ಒರೆಸುವಾಗ ಪ್ರತಿದಿನ ಅದನ್ನು ಮತ್ತೆ ನೆಟ್ಟಗೆ ಮಾಡುತ್ತಾರೆ.

ಮಳೆಗಾಲದ ಬಿಲ್ಲು

ಸೂರ್ಯ ಪುಕ್ಕಟೆ ಅಂದವರಿಗೆ ಜುಲೈ ತಿಂಗಳು ಉತ್ತರ ಕೊಟ್ಟಿತು. ಸೋಲಾರ್ ಟ್ಯಾಂಕಿನೊಳಗೆ ಮೋಡದ ದಿನಕ್ಕೆ ಅಂತ ಎರಡು ಕಿಲೋವ್ಯಾಟ್‌ನ ಹೀಟರ್ ಇದೆ. ಆ ವರ್ಷ ಜುಲೈನಲ್ಲಿ ನಾಲ್ಕು ದಿನ ಬಿಡದೆ ಜಿನುಗು ಮಳೆ. ಯಾರೋ ಸ್ವಿಚ್ ಹಾಕಿದರು, ಯಾರೂ ತೆಗೆಯಲಿಲ್ಲ. ಯಾರು ಅಂತ ಇವತ್ತಿನವರೆಗೂ ಯಾರೂ ಒಪ್ಪಿಕೊಂಡಿಲ್ಲ. ಇನ್ನೂರು ಲೀಟರನ್ನು ಇಪ್ಪತ್ತು ಡಿಗ್ರಿ ಏರಿಸಲು ನಾಲ್ಕೂವರೆ ಯೂನಿಟ್‌ಗಿಂತ ಜಾಸ್ತಿ ಬೇಕು. ನಮಗೆ ಬೇಕಿದ್ದದ್ದು ನಾಲ್ಕು ಬಕೆಟ್. ಅದು ಬಿಸಿ ಮಾಡಿದ್ದು ಇಡೀ ಟ್ಯಾಂಕು, ಹಗಲೂ ರಾತ್ರಿ, ಆರಿದಂತೆಲ್ಲ ಮತ್ತೆ. ಗೃಹಜ್ಯೋತಿಯಲ್ಲಿ ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ. ಸೊನ್ನೆ ಬಿಲ್ಲಿಗೆ ಒಗ್ಗಿಹೋಗಿದ್ದ ಮನೆಗೆ ಆ ತಿಂಗಳು ಎರಡು ಸಾವಿರದ ಹತ್ತಿರದ ಚೀಟಿ ಬಂತು. ಇವರು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು.

ಅದಾದ ಮೇಲೆ ಬಚ್ಚಲಲ್ಲೇ ಮೂರು ಲೀಟರಿನ ಚಿಕ್ಕ ಇನ್‌ಸ್ಟಂಟ್ ಗೀಸರ್ ಹಾಕಿಸಿದೆವು. ಮೋಡದ ದಿನಕ್ಕೆ, ಹೊತ್ತಲ್ಲದ ಹೊತ್ತಿನ ಸ್ನಾನಕ್ಕೆ. ಮೂರು ಕಿಲೋವ್ಯಾಟ್ ಅಂತ ಕೇಳಿ ಅತ್ತೆ ಹೆದರಿದರು. ಆದರೆ ಒಂದು ಬಕೆಟ್, ಇಪ್ಪತ್ತು ಲೀಟರ್, 22ರಿಂದ 42ಕ್ಕೆ ಏರಲು ಅರ್ಧ ಯೂನಿಟ್ ಕೂಡ ಆಗುವುದಿಲ್ಲ. ಹತ್ತು ನಿಮಿಷ, ಆಫ್. ಬಿಸಿ ಮಾಡುವುದರಲ್ಲಿ ಗೀಸರ್‌ಗಳ ನಡುವೆ ಅಂಥಾ ವ್ಯತ್ಯಾಸ ಇಲ್ಲ, ಕರೆಂಟೆಲ್ಲ ನೀರಿಗೇ ಹೋಗುತ್ತೆ. ದೊಡ್ಡ ಗೀಸರ್‌ಗಳ ಮೇಲಿನ ಸ್ಟಾರ್ ಲೇಬಲ್ ಅಳೆಯುವುದು ಬೇರೆಯೇ. ಬಿಸಿಯಾದ ನೀರು ಬಳಸದೆ ನಿಂತಾಗ ಎಷ್ಟು ಸೋರುತ್ತೆ ಅನ್ನುವುದನ್ನು. ಮೈಸೂರಿಗೆ ಹೊರಟವರು ಕೆಂಗೇರಿ ದಾಟುವಾಗ "ಗೀಸರ್ ಆಫ್ ಮಾಡಿದ್ಯಾ?" ಅಂತ ಕೇಳಿಕೊಳ್ಳುತ್ತೇವಲ್ಲ, ಆ ಪ್ರಶ್ನೆಗೆ ಅಂಕ ಕೊಡುವುದೇ ಆ ಸ್ಟಾರ್. ಹಾಗಂತ ಉಳಿತಾಯ ಅಂತ ದೊಡ್ಡ ಗೀಸರಿನ ಥರ್ಮೋಸ್ಟಾಟನ್ನು ತೀರಾ ಕೆಳಗೆ ಇಳಿಸಿ ದಿನಗಟ್ಟಲೆ ಬೆಚ್ಚಗೆ ಇಡುವುದೂ ಸರಿಯಲ್ಲ. ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಕ್ಕೆ ಉಗುರುಬೆಚ್ಚಗಿನ ನಿಂತ ನೀರು ಅಂದರೆ ಬಲು ಇಷ್ಟ. ಬೇಕಾದಾಗ ಚೆನ್ನಾಗಿ ಕಾಯಿಸಿ, ಬಳಸಿ, ಆಫ್ ಮಾಡುವುದೇ ವಾಸಿ.

ತಾರಸಿ ಮೇಲೆ ಒಂದು ದಿನ

ಮಳೆ ನಿಂತ ಮೇಲೆ ಪ್ಲಂಬರ್ ಕರೆಸಿದೆ. ಆಸುಪಾಸಿನ ನಾಲ್ಕು ಬೀದಿಗೆ ಅವರೊಬ್ಬರೇ ಪ್ಲಂಬರ್. ಅರವತ್ತರ ಹತ್ತಿರದವರು, ಮಾತು ಕಮ್ಮಿ. ಮೊದಲು ಟ್ಯೂಬು ನೋಡಿದರು. ಬಿಸಿಲು ಹೀರಿ ನೀರು ಕಾಯಿಸುವ ಈ ಗಾಜಿನ ಟ್ಯೂಬುಗಳು ಒಂದರೊಳಗೆ ಒಂದು ಇರುವ ಎರಡು ಕೊಳವೆ. ನಡುವೆ ಗಾಳಿ ಇಲ್ಲ, ಫ್ಲಾಸ್ಕಿನ ಹಾಗೆ. ತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣದ ಲೇಪ ಇರುತ್ತದೆ, ಬೇರಿಯಂದು. ಎಲ್ಲೋ ಬಿರುಕು ಬಿಟ್ಟು ಗಾಳಿ ಹೊಕ್ಕರೆ ಆ ಬೆಳ್ಳಿ ಹಾಲಿನ ಬಿಳಿಗೆ ತಿರುಗುತ್ತದೆ. ಅವರು ಕೆಳಗಿನ ಪ್ಲಾಸ್ಟಿಕ್ ಕಪ್ಪುಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದರು. ಬೆಳ್ಳಿ, ಬೆಳ್ಳಿ, ಬೆಳ್ಳಿ, ಬಿಳಿ. "ಇದು ಸತ್ತಿದೆ ಮೇಡಂ" ಅಂದರು. ಮುಟ್ಟಿ ನೋಡಿದೆ. ಉಳಿದ ಟ್ಯೂಬುಗಳ ಹೊರಮೈ ಬಿಸಿಲಲ್ಲೂ ತಣ್ಣಗಿತ್ತು. ಸತ್ತ ಟ್ಯೂಬು ಮಾತ್ರ ಬೆಚ್ಚಗೆ. ಒಳಗಿನ ಬಿಸಿಯನ್ನು ಅದು ಹೊರಗೆ ಹಂಚುತ್ತಿತ್ತು. ಹೀಗೆ ಎರಡು ಸಿಕ್ಕಿದವು.

ಆಮೇಲೆ ಪೈಪಿನ ಮಾತು. ಪ್ಯಾರಪೆಟ್ ಪ್ರದಕ್ಷಿಣೆ ಬಿಡಿಸಿ, ಟ್ಯಾಂಕಿನಿಂದ ನೇರ ಡಕ್ಟಿಗೆ, ಅಂದರೆ ಪೈಪುಗಳಿಗೆ ಅಂತ ಬಿಟ್ಟ ಸಂದಿಗೆ, ಇಳಿಸಿದರೆ 15 ಮೀಟರ್ ಸಾಕು. ಅದಕ್ಕೆ ಒಪ್ಪಿದರು. "ಮೊದಲೇ ಹೀಗೆ ಯಾಕೆ ಹಾಕಲಿಲ್ಲ?" ಅಂದೆ. "ಅವಾಗ ಡಕ್ಟಲ್ಲಿ ಸೆಂಟ್ರಿಂಗ್ ಮರ ತುಂಬಿತ್ತು ಅನ್ಸತ್ತೆ" ಅಂದರು. ಮೊದಲು ಪೈಪು ಹಾಕಿದವರು ಅವರಲ್ಲ, ಆದರೂ ಊಹೆ ನಂಬುವ ಹಾಗಿತ್ತು. ಒಂದು ವಾರ ಅಲ್ಲಿ ನಿಂತಿದ್ದ ಮರಕ್ಕಾಗಿ ನಾವು ಅಷ್ಟು ವರ್ಷ ಕಾದಿದ್ದೆವು.

ಜಗಳ ಬಂದದ್ದು ಪೈಪಿನ ಅಳತೆಗೆ. ಅರ್ಧ ಇಂಚು ಸಾಕು ಅಂತ ನನ್ನ ಲೆಕ್ಕ. ಮೀಟರಿಗೆ 120 ಮಿಲಿಲೀಟರ್, ಅಷ್ಟೇ ಹಿಡಿಯೋದು. ಒಂದೇ ಬಚ್ಚಲು, ಮೂರು ಮಹಡಿ ಮೇಲಿನಿಂದ ಬೀಳುವ ನೀರು, ಒತ್ತಡಕ್ಕೇನು ಕಮ್ಮಿ? ಅವರು ಒಪ್ಪಲೇ ಇಲ್ಲ.

"ಮೇಡಂ, ಫೋರ್ಸ್ ಬರಲ್ಲ."

"ಬರುತ್ತೆ ಅಂತ ಲೆಕ್ಕ ಹಾಕಿದೀನಿ."

"ನೀವು ಲೆಕ್ಕ ಹಾಕಿದೀರ. ನಾಳೆ ಬೋರ್ ನೀರಿಗೆ ಉಪ್ಪು ಕಟ್ಟಿದ್ರೆ ಯಾರನ್ನ ಕರೀತೀರ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾವೇರಿ ಬಾರದ ದಿನ ನಮ್ಮದು ಬೋರ್ ನೀರೇ. ಹಳೆಯ ಪೈಪು ಕತ್ತರಿಸಿದಾಗ ಒಳಗೆ ಸುತ್ತಲೂ ಬಿಳಿ ಉಪ್ಪಿನ ಪದರ ಇದ್ದದ್ದು ಕಣ್ಣಾರೆ ನೋಡಿದೆ. ಇಬ್ಬರೂ ಮುಕ್ಕಾಲು ಇಂಚಿಗೆ ರಾಜಿಯಾದೆವು. ಮೀಟರಿಗೆ 260 ಮಿಲಿಲೀಟರ್. ಹದಿನೈದು ಮೀಟರಿಗೆ ನಾಲ್ಕು ಲೀಟರ್. ಮೊದಲಿನ ಹತ್ತರ ಎದುರು ನಾಲ್ಕು.

ಹೊರಗಿನ ಪೈಪಿಗೆಲ್ಲ ಏಸಿ ಪೈಪಿಗೆ ಹಾಕುತ್ತಾರಲ್ಲ, ಆ ಕಪ್ಪು ರಬ್ಬರ್ ಫೋಮಿನ ತೋಳು ಹಾಕಿಸಿದೆ, ಅರ್ಧ ಇಂಚು ದಪ್ಪದ್ದು. ತಾರಸಿ ಬಿಸಿಲಿಗೆ ಅದು ಬಿರುಕು ಬಿಟ್ಟು ಪುಡಿಯಾಗುತ್ತೆ ಅಂತ ಅದರ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಿದರು. ಅಳಿಲುಗಳು ಗೂಡಿಗೆ ಅಂತ ಮೊದಲ ವಾರವೇ ಒಂದು ಕಡೆ ಕಿತ್ತವು, ಮತ್ತೆ ಸುತ್ತಿಸಿದೆ. ತೋಳು ಹಾಕುವ ಮುಂಚೆ, ಸ್ನಾನವಾಗಿ ಒಂದು ಗಂಟೆಗೆ ಪೈಪಿನ ನೀರು 30 ಡಿಗ್ರಿಗೆ ಇಳಿದಿರುತ್ತಿತ್ತು. ಈಗ ಒಂದು ಗಂಟೆಗೂ 40ರ ಆಸುಪಾಸು. ಹಾಗಾಗಿ ಎಂಟು ಗಂಟೆಗೆ ಹೋಗುವ ಇವರಿಗೂ ಬೇಗ ಬಿಸಿನೀರು. ಆದರೆ ರಾತ್ರಿಯಿಡೀ ನಿಂತ ನೀರನ್ನು ಯಾವ ತೋಳೂ ಕಾಯುವುದಿಲ್ಲ. ತೋಳು ಆರುವುದನ್ನು ನಿಧಾನ ಮಾಡುತ್ತೆ, ನಿಲ್ಲಿಸುವುದಿಲ್ಲ. ಬೆಳಗಿನ ಮೊದಲ ಸ್ನಾನಕ್ಕೆ ತಣ್ಣೀರು ಬಂದೇ ಬರುತ್ತದೆ. ಗೋಡೆಯೊಳಗಿನ ಪೈಪಿಗಂತೂ ಏನೂ ಮಾಡಲಿಲ್ಲ. ಅದಕ್ಕೆ ಟೈಲ್ಸ್ ಒಡೆಯಬೇಕು, ಅದನ್ನು ಇವರ ಮುಂದೆ ಎತ್ತುವ ಧೈರ್ಯ ನನಗಿನ್ನೂ ಬಂದಿಲ್ಲ.

ಕೆಲಸ ಮುಗಿದ ಮಾರನೆಯ ಬೆಳಗ್ಗೆ ಐದು ಗಂಟೆಗೇ ಎದ್ದು, ಅತ್ತೆಗಿಂತ ಮೊದಲು ಬಕೆಟ್ ಹಿಡಿದು ಬಚ್ಚಲಿಗೆ ಹೋದೆ. ಐದನೇ ಲೀಟರಿಗೆ ಬೆಚ್ಚಗೆ. ಆರಕ್ಕೆ ಸುಡುನೀರು. ಆರರ ಗೆರೆಯ ಮೇಲೆ ನೇಲ್‌ಪಾಲಿಶ್ ಗುರುತು ಹಾಕಿದೆ. ಕೆಂಪು ಖಾಲಿಯಾಗಿತ್ತು, ಸಿಕ್ಕಿದ್ದು ನೇರಳೆ. ಬಕೆಟ್ ಖಾಲಿ ಮಾಡಿ, ಹೊರಗೆ ಬಂದು, ಕಾಫಿಗೆ ಡಿಕಾಕ್ಷನ್ ಹಾಕುತ್ತ ಹೆಮ್ಮೆಯಿಂದ ನಿಂತಿದ್ದೆ. ಹತ್ತು ನಿಮಿಷಕ್ಕೆ ಬಚ್ಚಲಿಂದ ಅತ್ತೆಯ ಕೂಗು.

"ಏನೇ ಮಾಡಿಸಿದೀಯ ಇದಕ್ಕೆ? ಬಕೆಟ್ಟೆಲ್ಲ ಸುಡ್ತಿದೆ. ಹದ ಮಾಡ್ಕೊಳ್ಳೋಕೆ ತಣ್ಣೀರೇ ಸಾಲಲ್ಲ!"

"ಪಕ್ಕದ ನಲ್ಲಿ ತಿರುಗಿಸಿ ಅತ್ತೆ, ತಣ್ಣೀರಿಂದು."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದು ಬಿಗಿಯಾಗಿದೆ ಕಣೇ. ಎಷ್ಟು ವರ್ಷ ಆಯ್ತೋ ತಿರುಗಿಸಿ. ಆ ಪ್ಲಂಬರ್ ಮತ್ತೆ ಯಾವಾಗ ಬರ್ತಾನಂತೆ?"